ಪಾತ್ರೆಯ ತೂಕ

ದಿಂಬು ಅನ್ನುವ ಹೆಸರನ್ನು ಆ ಬೆಕ್ಕಿಗೆ ಯಾರೂ ಇಟ್ಟದ್ದಲ್ಲ. ಅದೇ ತಿಂದು ತಿಂದು ಸಂಪಾದಿಸಿಕೊಂಡದ್ದು. ಮರಿಯಾಗಿದ್ದಾಗ ಅಂಗೈಯಲ್ಲಿ ಮಲಗುತ್ತಿದ್ದ ಪ್ರಾಣಿ ಈಗ ಸೋಫಾದ ಮೂಲೆಯಲ್ಲಿ ಕಾಲು ಮಡಚಿ ಕೂತರೆ, ಮನೆಗೆ ಬಂದವರು ಒರಗಿಕೊಳ್ಳಲು ಹೋಗಿ ಬೆಚ್ಚಿ ಎದ್ದು ನಿಲ್ಲುತ್ತಿದ್ದರು. ಕಿಟಕಿಯ ಕಟ್ಟೆಗೆ ಹಾರುವುದನ್ನು ಅದು ಯಾವಾಗಲೋ ಬಿಟ್ಟಿತ್ತು. ಕಟ್ಟೆಯ ಕೆಳಗೆ ನಿಂತು, ಮೇಲೆ ನೋಡುತ್ತ, ಯಾರಾದರೂ ಬಂದು ಎತ್ತಿಡುವವರೆಗೆ ಕೂಗುತ್ತಿತ್ತು. ಬಂದು ಎತ್ತಿಡುವವಳು ಆ ಮನೆಯ ಮಗಳು.

ಮಗಳೂ ಗುಂಡಗುಂಡಗೆ ಇದ್ದಳು. ಐದನೇ ತರಗತಿಯ ಹುಡುಗಿ. ಕೆನ್ನೆ, ಮೊಣಕೈ, ಮಂಡಿ ಎಲ್ಲವೂ ಗುಂಡು. ಅಜ್ಜಿ ಅವಳನ್ನು ಗುಂಡಮ್ಮ ಎಂದೇ ಕರೆಯುತ್ತಿದ್ದಳು. ಪ್ರೀತಿಯಿಂದ ಕರೆಯುತ್ತಿದ್ದಳು, ಅದರಲ್ಲಿ ಅನುಮಾನವಿಲ್ಲ. ಆದರೆ ಪ್ರೀತಿಯಿಂದ ಕರೆದದ್ದು ಕಿವಿಯೊಳಗೆ ಹೋದ ಮೇಲೆ ಏನಾಗುತ್ತದೆಂದು ಕರೆದವರು ಎಂದೂ ವಿಚಾರಿಸುವುದಿಲ್ಲ. ಹುಡುಗಿ ಮಾತ್ರ ಕರೆದಾಗಲೆಲ್ಲ ಓಗೊಡುತ್ತಿದ್ದಳು.

ಅಪ್ಪನದು ತಕ್ಕಡಿ ರಿಪೇರಿಯ ಕಸುಬು. ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ, ಟೈರಿನ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ ಅವನ ವರ್ಕ್‌ಶಾಪು. ಮೀನಿನವರ, ತರಕಾರಿಯವರ, ಹಳೆ ಕಬ್ಬಿಣದವರ ತೂಕದ ಯಂತ್ರಗಳು ಅಲ್ಲಿ ಬೆಂಚಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿರುತ್ತಿದ್ದವು. ಮಖಮಲ್ಲು ಹಾಸಿದ ಪೆಟ್ಟಿಗೆಯಲ್ಲಿ ಹಿತ್ತಾಳೆಯ ತೂಕದ ಕಲ್ಲುಗಳಿದ್ದವು. ಅವನ್ನು ಅವನು ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ, ಬಟ್ಟೆಯಲ್ಲಿ ಹಿಡಿದು ಎತ್ತುತ್ತಿದ್ದ. ಬೆರಳಿನ ಬೆವರು ತಗುಲಿದರೂ ತೂಕ ಕೆಡುತ್ತದೆ ಅನ್ನುವುದು ಅವನ ವಾದ. ಮಾರ್ಕೆಟ್ಟಿನವರು ಅವನಿಗೆ ಕರಾರುವಾಕ್ಕು ಎಂದು ಅಡ್ಡಹೆಸರಿಟ್ಟಿದ್ದರು. ಅವರು ಗೇಲಿಗೆ ಇಟ್ಟ ಹೆಸರನ್ನು ಅವನು ಬಿರುದೆಂದು ತಿಳಿದು ಹಿಗ್ಗುತ್ತಿದ್ದ.

ದಿಂಬು ಹಿಂಗಾಲನ್ನು ಎಳೆದು ನಡೆಯತೊಡಗಿದಾಗ ಅದನ್ನು ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ತುರುಕಿಕೊಂಡು ಅಪ್ಪ ಮಗಳು ಪ್ರಾಣಿಗಳ ಡಾಕ್ಟರ ಬಳಿ ಹೋದರು. ಡಾಕ್ಟರು ನಡುವಯಸ್ಸಿನ ಹೆಂಗಸು. ನಾಯಿಯ ಜೊತೆ ಮೆತ್ತಗೆ, ನಾಯಿಯ ಯಜಮಾನರ ಜೊತೆ ಗಡುಸಾಗಿ ಮಾತಾಡುವ ಪೈಕಿ. ಸ್ಟೀಲಿನ ಮೇಜಿನ ಮೇಲೆ ಬೆಕ್ಕನ್ನು ಇಟ್ಟ ಕೂಡಲೇ ಮೇಜಿನ ಅಂಚಿನಲ್ಲಿ ಎಂಟು ಕಿಲೋ ಎಂದು ಕೆಂಪಗೆ ಮೂಡಿತು.

“ಇದರ ಮೈಗೆ ಐದು ಸಾಕು,” ಅಂದರು ಡಾಕ್ಟರು. “ಮಿಕ್ಕಿದ್ದನ್ನ ಆ ಕಾಲುಗಳು ಸುಮ್ನೆ ಹೊತ್ಕೊಂಡು ಓಡಾಡ್ತಿವೆ. ನೋವು ಅದಕ್ಕೇ. ಹೀಗೇ ಬಿಟ್ರೆ ಸಕ್ಕರೆ ಕಾಯಿಲೆ ಬರುತ್ತೆ, ಆಮೇಲೆ ದಿನಾ ಸೂಜಿ ಚುಚ್ಚಬೇಕು. ಏನೇನು ತಿನ್ನಿಸ್ತೀರಿ?”

ಅಪ್ಪ ಮಗಳ ಮುಖ ನೋಡಿದ. ಮಗಳು ಗೋಡೆಯ ಮೇಲಿನ ಮೊಲದ ಚಿತ್ರ ನೋಡಿದಳು. ಬ್ರೆಡ್ಡು, ಬೆಣ್ಣೆ, ಹಾಲಿನ ಕೆನೆ, ಮೊಟ್ಟೆಯ ತುಂಡು, ತಟ್ಟೆಯಲ್ಲಿ ಉಳಿದದ್ದು, ತಟ್ಟೆಯಿಂದ ಬಿದ್ದದ್ದು, ಒಂದೊಂದಾಗಿ ಎಲ್ಲ ಹೊರಬಂತು.

“ತಟ್ಟೆಯಿಂದ ಒಂದು ಚೂರೂ ಕೊಡಂಗಿಲ್ಲ. ಬೆಕ್ಕಿನ ಊಟ ಅಳತೆ ಮಾಡಿ ಎರಡು ಹೊತ್ತು. ವಾರಕ್ಕೊಂದ್ಸಲ ತೂಕ ನೋಡಿ. ಹಂಗಂತ ಉಪವಾಸ ಕೆಡವಬೇಡಿ ಮತ್ತೆ. ಊಟ ಪೂರಾ ತಪ್ಪಿದ್ರೆ ಬೆಕ್ಕಿನ ಲಿವರ್ರೇ ಕೆಡುತ್ತೆ. ಇಳಿಯೋದೂ ನಿಧಾನಕ್ಕೆ ಇಳೀಬೇಕು. ಮೂರು ತಿಂಗಳು ಬಿಟ್ಟು ಕರ್ಕೊಂಡು ಬನ್ನಿ.” ಆಮೇಲೆ ಹುಡುಗಿಯತ್ತ ತಿರುಗಿ ನಕ್ಕು, “ನೀನೇ ಏನಮ್ಮ ಇದರ ಪಾರ್ಟ್‌ನರ್ರು? ನಿಮ್ಮಿಬ್ಬರದೂ ಒಂದೇ ಹೋಟ್ಲು ಅಂತ ಕಾಣುತ್ತೆ,” ಅಂದರು.

ಅಪ್ಪನೂ ನಕ್ಕ. ಡಾಕ್ಟರು ಜೋಕು ಹೊಡೆದಾಗ ನಗುವುದು ಒಂದು ಮರ್ಯಾದೆ.

ಬಸ್ಸಿನಲ್ಲಿ ವಾಪಸು ಬರುವಾಗ ಪೆಟ್ಟಿಗೆ ಅವನ ತೊಡೆಯ ಮೇಲಿತ್ತು. ಒಳಗಿನಿಂದ ದಿಂಬು ಇಡೀ ಬಸ್ಸಿಗೆ ಕೇಳುವಂತೆ ಗೋಳಿಡುತ್ತಿತ್ತು. ದಿನಾ ಸೂಜಿ ಅನ್ನುವ ಮಾತು ಅವನ ತಲೆಯಲ್ಲಿ ಕೊರೆಯುತ್ತಿತ್ತು. ಹೆಂಡತಿ ಬೆಳಿಗ್ಗೆ ಎದ್ದು ಶರ್ಟು ಹೊಲಿಯುವ ಕಾರ್ಖಾನೆಗೆ ಹೋದರೆ ಸಂಜೆಗೆ ಬರುವುದು, ತಾನು ವರ್ಕ್‌ಶಾಪಿನಲ್ಲಿ, ಅಮ್ಮನಿಗೆ ಕೈ ನಡುಕ. ಸೂಜಿ ಚುಚ್ಚುವವರು ಯಾರು?

“ಮೂರು ತಿಂಗಳು ನೋಡ್ತೀನಿ,” ಅಂದ. “ನಂಬರ್ ಇಳೀಲಿಲ್ವೋ, ಸೀದಾ ನಿಮ್ಮ ಮಾವನ ಗೋದಾಮಿಗೆ. ಇಲಿ ಹಿಡ್ಕೊಂಡು ತಿನ್ಲಿ, ತಾನೇ ಸಣ್ಣಗಾಗುತ್ತೆ.”

ಅರ್ಧ ಸಿಟ್ಟು, ಅರ್ಧ ತಮಾಷೆ. ಮನೆ ಬರುವಷ್ಟರಲ್ಲಿ ಆಡಿದ ಮಾತು ಅವನಿಗೇ ಮರೆತುಹೋಗಿತ್ತು. ಹುಡುಗಿಗೆ ಮರೆಯಲಿಲ್ಲ. ಮಾವನ ದವಸದ ಗೋದಾಮನ್ನು ಅವಳು ಕಂಡಿದ್ದಳು. ಲಾರಿಗಳು ಹಿಂದಕ್ಕೂ ಮುಂದಕ್ಕೂ ಹೋಗುತ್ತಿದ್ದವು, ಮೂಟೆಗಳು ಧೊಪ್ಪನೆ ಬೀಳುತ್ತಿದ್ದವು. ಒಂದೊಂದು ರಜೆಗೆ ಹೋದಾಗಲೂ ಅಲ್ಲಿ ಬೇರೆ ಬೇರೆ ಬೆಕ್ಕಿರುತ್ತಿತ್ತು. ಹಳೆಯ ಬೆಕ್ಕು ಎಲ್ಲಿ ಎಂದು ಅವಳು ಕೇಳಿದ್ದಳು. ಮಾವ ಅವಳಿಗೆ ಬಲೂನು ಕೊಡಿಸಿದ್ದ.

ಭಾನುವಾರ ತಕ್ಕಡಿಯವನು ವರ್ಕ್‌ಶಾಪಿನಿಂದ ಒಂದು ಯಂತ್ರ ತಂದು ಹಜಾರದಲ್ಲಿಟ್ಟ. ಕಬ್ಬಿಣದ ಹಲಗೆ, ಅದರ ಹಿಂದೆ ಕಂಬ, ಕಂಬದ ತುದಿಯಲ್ಲಿ ನಂಬರು ತೋರಿಸುವ ಗಾಜು. ಹಾಲಿನ ಡೈರಿಯವರು ಮಾರಿಹೋದ ಒಳ್ಳೆಯ ಯಂತ್ರ. ಆದರೆ ಅದರ ಮೇಲೆ ದಿಂಬು ಎರಡು ಉಸಿರಿನಷ್ಟು ಹೊತ್ತೂ ನಿಲ್ಲಲಿಲ್ಲ. ಬುಟ್ಟಿಯಲ್ಲಿ ಕೂರಿಸಿದರೆ ಬುಟ್ಟಿಯನ್ನೇ ಮಗುಚಿತು. ಪ್ಲಾಸ್ಟಿಕ್ ಪೆಟ್ಟಿಗೆ ಕಂಡದ್ದೇ ಮಂಚದ ಕೆಳಗೆ ಹೋಗಿ ಗೋಡೆಗೆ ಅಂಟಿಕೊಂಡಿತು. ಅವನೇ ಎತ್ತಿಕೊಂಡು ಹತ್ತಲು ಹೋಗಿ ಮೊಣಕೈವರೆಗೆ ಪರಚಿಸಿಕೊಂಡ.

“ನನ್ ಹತ್ರ ಸುಮ್ನಿರುತ್ತೆ,” ಅಂದಳು ಮಗಳು. “ನಾನು ಎತ್ಕೊಂಡು ನಿಂತ್ಕೋತೀನಿ.”

ಇದು ಅವನಿಗೆ ತುಂಬ ಹಿಡಿಸಿತು. ಹಾಲಿನವರ ಕ್ರಮವೂ ಇದೇ ಅಲ್ಲವೇ. ಹಾಲನ್ನು ಬರಿದೇ ತೂಗಲಾಗದು, ಕ್ಯಾನಿನ ಸಮೇತ ತೂಗಬೇಕು. ಅದಕ್ಕೆ ಮೊದಲು ಖಾಲಿ ಕ್ಯಾನಿಟ್ಟು ಒಂದು ಗುಂಡಿ ಒತ್ತಿದರೆ ಯಂತ್ರ ಆ ತೂಕವನ್ನು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಎಷ್ಟು ಸಲ ತೂಗಿದರೂ ಅದನ್ನು ತಾನೇ ಕಳೆದು ಬರೀ ಹಾಲಿನ ಲೆಕ್ಕ ತೋರಿಸುತ್ತದೆ. ಸ್ವಿಚ್ಚು ತೆಗೆದರೂ ಮರೆಯುವುದಿಲ್ಲ.

“ಬಾ ಹತ್ತು. ನೀನು ಪಾತ್ರೆ, ದಿಂಬು ಹಾಲು,” ಅಂದ.

ಹುಡುಗಿ ಕಿಸಕ್ಕನೆ ನಕ್ಕು ಹತ್ತಿದಳು. ಅವನು ಗುಂಡಿ ಒತ್ತಿದ. ಗಾಜಿನಲ್ಲಿದ್ದ ಅವಳ ತೂಕ ಅಳಿದು ಸೊನ್ನೆಯಾಯಿತು. ಬೆಕ್ಕನ್ನು ಎತ್ತಿಕೊಂಡಾಗ ಎಂಟು ಬಂತು, ಡಾಕ್ಟರ ಮೇಜಿಗೆ ಸರಿಯಾಗಿ. ಅಜ್ಜಿಯ ನಡುಗುವ ಕೈ ತಗುಲಿ ಎಲ್ಲಿ ಲೆಕ್ಕ ಕೆಡುವುದೋ ಎಂದು ಅವನು ಗುಂಡಿಗಳ ಮೇಲೆ ತಗಡಿನ ಮುಚ್ಚಳ ಕೂರಿಸಿ, ತಂತಿ ಸುತ್ತಿ, ಸೀಸದ ಮುದ್ರೆಯನ್ನೂ ಒತ್ತಿದ.

“ಬೆಕ್ಕಿನ ತೂಕಕ್ಕೆ ಸೀಲು ಬೇರೆ,” ಎಂದು ಹೆಂಡತಿ ಮೂಗು ಮುರಿದಳು. “ಖಜಾನೆ ಕಾಯ್ತಿದೀರೇನ್ರೀ?”

“ಪಾತ್ರೆ ತೂಕ ಒಂದ್ಸಲ ಸರಿಯಾಗಿ ಹಿಡಿದ್ರೆ ಮುಗೀತು ಕಣೇ. ಅದು ಬದಲಾಗಲ್ಲ.”

ಕ್ಯಾನು ಬದಲಾಗುವುದಿಲ್ಲ, ನಿಜ. ಕ್ಯಾನು ಶಾಲೆಗೂ ಹೋಗುವುದಿಲ್ಲ, ಬಸ್ಸಿನಲ್ಲಿ ಅಪ್ಪ ಆಡಿದ ಮಾತನ್ನು ಕೇಳಿಸಿಕೊಂಡು ಕೂರುವುದೂ ಇಲ್ಲ. ಎದುರಿಗೆ ನಿಂತಿರುವುದು ಬೆಳೆಯುವ ಹುಡುಗಿ ಅನ್ನುವಷ್ಟು ಸಣ್ಣ ಸಂಗತಿ ಊರೆಲ್ಲ ತೂಕ ಸರಿಮಾಡುವ ಆ ಮಹಾಶಯನಿಗೆ ಹೊಳೆಯಲಿಲ್ಲ. ಅವನಿಗೆ ಸಂಬಳವಿಲ್ಲದೆ ಸಿಕ್ಕ ಅತ್ಯುತ್ತಮ ಪಾತ್ರೆ ಅದಾಗಿತ್ತು.

ಮೊದಲ ವಾರ ದಿಂಬು ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ. ಎರಡನೆಯ ವಾರವೂ ಇಲ್ಲ. ಅವನು ಗಾಜು ನೋಡಿ ತಲೆಯಾಡಿಸಿ, “ಗೋದಾಮೇ ಗತಿ,” ಅಂದ. ಮೂರನೆಯ ವಾರ ಹುಡುಗಿಗೆ ಹೊಟ್ಟೆ ಕೆಟ್ಟು, ಎರಡು ದಿನ ಗಂಜಿ ನೀರಿನಲ್ಲೇ ಮಲಗಿದ್ದಳು. ಆ ಭಾನುವಾರ ನಂಬರು ಇಳಿಯಿತು. ತಕ್ಕಡಿಯವನು ಚಪ್ಪಾಳೆ ತಟ್ಟಿ, ದಿಂಬಿನ ತಲೆ ಸವರಿ, ಮಗಳ ಬೆನ್ನು ತಟ್ಟಿ, “ಶಹಬ್ಬಾಸ್! ಹಿಂಗೇ ಹೋದ್ರೆ ನಮ್ಮ ದಿಂಬು ನಮ್ಮ ಮನೇಲೇ ಇರುತ್ತೆ,” ಅಂದ. ಹುಡುಗಿ ಗಾಜನ್ನೇ ಬಹಳ ಹೊತ್ತು ನೋಡುತ್ತ ನಿಂತಿದ್ದಳು.

ಅಲ್ಲಿಂದಾಚೆಗೆ ನಂಬರು ಇಳಿಯುತ್ತಲೇ ಹೋಯಿತು. ನಿಧಾನಕ್ಕೆ, ಡಾಕ್ಟರು ಹೇಳಿದ ಹಾಗೆಯೇ.

ಮನೆಯಲ್ಲಿ ಊಟದ ಹೊತ್ತು ಹೀಗಿರುತ್ತಿತ್ತು. ಹುಡುಗಿ ತಟ್ಟೆಯ ಮುಂದೆ ಕೂತು ಎಲ್ಲವನ್ನೂ ಒಂದು ಸುತ್ತು ಕಲಸುವಳು. ನಾಲ್ಕು ತುತ್ತು ತಿಂದು, “ಸ್ಕೂಲಲ್ಲೇ ಹೊಟ್ಟೆ ತುಂಬಿತ್ತು,” ಎಂದು ಏಳುವಳು. ಶಾಲೆಯಲ್ಲಿ ಅವಳ ಡಬ್ಬಿಯ ಬ್ರೆಡ್ಡು ಮೊಟ್ಟೆ ಪಕ್ಕದ ಬೆಂಚಿನವಳ ಹೊಟ್ಟೆ ಸೇರುತ್ತಿತ್ತು, ಅದು ಮನೆಯವರಿಗೆ ಹೇಗೆ ಗೊತ್ತಾಗಬೇಕು, ಡಬ್ಬಿ ಖಾಲಿಯಾಗಿ ಬರುತ್ತಿತ್ತಲ್ಲ. ತಟ್ಟೆಯಲ್ಲಿ ಉಳಿದದ್ದನ್ನು ಎಸೆಯುವುದೆಂದರೆ ಅಜ್ಜಿಗೆ ಪ್ರಾಣಸಂಕಟ. ಅವಳು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ, ಬಾಗಿಲನ್ನು ಸ್ವಲ್ಪ ಮುಂದೆ ಮಾಡಿ, “ಬಾ ಮರೀ, ಆ ಕಟುಕರು ಅಳೆದು ಕೊಟ್ಟಿದ್ದು ಯಾವ ಮೂಲೆಗೆ,” ಎಂದು ಪಿಸುಗುಟ್ಟಿ ದಿಂಬಿನ ಮುಂದೆ ಸುರಿಯುತ್ತಿದ್ದಳು. ಬೆಕ್ಕು ನೆಕ್ಕಿ ನೆಕ್ಕಿ ತಟ್ಟೆಯನ್ನು ತೊಳೆದಷ್ಟು ಶುಭ್ರ ಮಾಡುತ್ತಿತ್ತು. ಹೀಗೆ ಬೆಕ್ಕು ಈ ಮನೆಯಲ್ಲಿ ಉಳಿಯಲೆಂದು ಮಗು ಬಿಟ್ಟ ಅನ್ನ ಬೆಕ್ಕಿನ ಹೊಟ್ಟೆಗೇ ಹೋಗುತ್ತಿತ್ತು. ಬೆಕ್ಕು ಏರಿದಷ್ಟೂ ಮಗು ಇನ್ನಷ್ಟು ಇಳಿಯಬೇಕಾಗಿತ್ತು. ಈ ಇಡೀ ವ್ಯವಹಾರದಲ್ಲಿ ಪಾಪ, ಯಾರೂ ಕೆಟ್ಟವರಿರಲಿಲ್ಲ.

ಹುಡುಗಿ ಸಣ್ಣಗಾಗುವುದು ಯಾರ ಕಣ್ಣಿಗೂ ಬೀಳಲಿಲ್ಲವೇ ಎಂದು ಕೇಳಬಹುದು. ಬಿತ್ತು. ಬಿದ್ದದ್ದೇ ಎಲ್ಲರಿಗೂ ಖುಷಿಯಾಯಿತು. ತಾಯಿ ಶಾಲೆಯ ಲಂಗದ ಸೊಂಟ ಹಿಡಿದು ಹೊಲಿದಳು, ಸ್ವಲ್ಪ ದಿನದ ಮೇಲೆ ಮತ್ತೊಮ್ಮೆ ಹಿಡಿದಳು. “ಉದ್ದ ಆಗ್ತಿದಾಳಲ್ಲ, ಮೈ ಇಳೀತಿದೆ,” ಎಂದು ಹಲ್ಲಿನಿಂದ ದಾರ ಕಡಿದಳು. ಅಜ್ಜಿ ಗುಂಡಮ್ಮ ಅನ್ನುವುದನ್ನು ಬಿಟ್ಟು, “ನೋಡೋ, ನನ್ ಮೊಮ್ಮಗಳು ಎಷ್ಟು ಲಕ್ಷಣವಾಗಿ ಕಾಣ್ತಾಳೆ ಈಗ,” ಅಂದಳು. ಪಕ್ಕದ ಮನೆಯಾಕೆ ಏನು ಕೊಡುತ್ತೀರೆಂದು ಗುಟ್ಟು ಕೇಳಿದಳು. ತಕ್ಕಡಿಯವನಿಗೆ ಇದೆಲ್ಲ ಕಿವಿಗೆ ಬಿದ್ದರೂ ಅವನ ಗಮನ ಬೇರೆ ಕಡೆಗಿತ್ತು. ಮೀನಿನವನ ತಕ್ಕಡಿಗೆ ಎಣ್ಣೆ ಬಿಡುತ್ತ, “ನಮ್ಮ ಬೆಕ್ಕು ಎಂಟರಿಂದ ಐದೂವರೆಗೆ ಇಳೀತು ಕಣಯ್ಯ. ಎಲ್ಲ ಅಳತೆ, ಅಳತೆ,” ಎಂದು ಮೀಸೆ ತಿರುವುತ್ತಿದ್ದ. ಮೀನಿನವನು, ಬೆಕ್ಕಿಗೆ ಅಳೆದು ಹಾಕುವವರು ಬಂದ ಮೇಲೆ ತನ್ನ ವ್ಯಾಪಾರ ನೆಟ್ಟಗಾದ ಹಾಗೆಯೇ ಎಂದು ಹಣೆ ಚಚ್ಚಿಕೊಂಡ.

ಕೊನೆಕೊನೆಗೆ ಭಾನುವಾರದ ತೂಕದಲ್ಲಿ ಒಂದು ತೊಡಕು ಬಂತು. ಹುಡುಗಿ ಯಾವಾಗಲೂ ದಿಂಬನ್ನು ಎತ್ತಿಕೊಂಡೇ ಬಂದು ಹಲಗೆ ಹತ್ತುತ್ತಿದ್ದಳು, ಬರಿಗೈಯಲ್ಲಿ ಒಮ್ಮೆಯೂ ಹತ್ತುತ್ತಿರಲಿಲ್ಲ. ಈಗ ಎತ್ತಿಕೊಂಡು ನಿಂತಾಗ ಅವಳ ತೋಳು ನಡುಗುತ್ತಿತ್ತು. ಗಾಜಿನ ನಂಬರು ಒಂದು ಕಡೆ ನಿಲ್ಲದೆ ಹಿಂದೆಮುಂದೆ ಆಡುತ್ತಿತ್ತು.

“ಅಲ್ಲಾಡ್ಬೇಡ. ಪಾತ್ರೆ ಅಲುಗಿದ್ರೆ ಲೆಕ್ಕ ನಿಲ್ಲಲ್ಲ,” ಅಂದ ಅಪ್ಪ, ಗಾಜಿನಿಂದ ಕಣ್ಣು ತೆಗೆಯದೆ.

ಹುಡುಗಿ ಉಸಿರು ಬಿಗಿಹಿಡಿದು ನಿಂತಳು. ನಂಬರು ನಿಂತಿತು.

ಮೂರು ತಿಂಗಳು ತುಂಬಿದಾಗ ಅವನು ವರ್ಕ್‌ಶಾಪಿಗೆ ಅರ್ಧ ದಿನ ಬೀಗ ಹಾಕಿ, ದಿಂಬನ್ನು ಹೇಗೋ ಪೆಟ್ಟಿಗೆಗೆ ತುಂಬಿ, ಒಬ್ಬನೇ ಡಾಕ್ಟರ ಬಳಿ ಹೋದ. ಮಗಳು ಶಾಲೆಯಲ್ಲಿದ್ದಳು. ತಾನೂ ಬರುತ್ತೇನೆಂದು ಬೆಳಿಗ್ಗೆ ಹಟ ಹಿಡಿದಿದ್ದಳು, ಡಾಕ್ಟರ ಹತ್ತಿರ ಬೇಡ, ಮನೆಯ ಯಂತ್ರವೇ ಸಾಕಲ್ಲ ಎಂದು ಗೋಗರೆದಿದ್ದಳು. ಪ್ರೀತಿ ಜಾಸ್ತಿ ಎಂದುಕೊಂಡು ಅವನು ತಲೆ ಸವರಿ ಕಳಿಸಿದ್ದ.

ಸ್ಟೀಲಿನ ಮೇಜು ಎಂಟೂಕಾಲು ತೋರಿಸಿತು.

“ಏನ್ರೀ ಇದು?” ಅಂದರು ಡಾಕ್ಟರು. “ಇಳಿಸಿ ಅಂದ್ರೆ ಏರಿಸ್ಕೊಂಡು ಬಂದಿದೀರಿ.”

“ನಿಮ್ಮ ಮೇಜು ಕೆಟ್ಟಿದೆ ಮೇಡಂ.”

“ಬೆಳಿಗ್ಗೆಯಿಂದ ಏಳು ನಾಯಿ ತೂಗಿದೀನಿ, ಯಾವುದೂ ದೂರು ಕೊಡ್ಲಿಲ್ಲ.”

ಅವನು ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಹಿತ್ತಾಳೆಯ ಕಲ್ಲುಗಳನ್ನು ತೆಗೆದ. ಕಲ್ಲುಗಳಿಲ್ಲದೆ ಅವನು ಮದುವೆ ಮನೆಗೂ ಹೋಗುವವನಲ್ಲ. ಮೇಜಿನ ನಡುವೆ ಇಟ್ಟ, ನಾಲ್ಕೂ ಮೂಲೆಗೆ ಇಟ್ಟ, ಒಂದರ ಮೇಲೊಂದು ಪೇರಿಸಿಟ್ಟ. ಹೊರಗೆ ಕಾಯುತ್ತಿದ್ದವರ ನಾಯಿಯೊಂದು ಬೊಗಳತೊಡಗಿತು. ಡಾಕ್ಟರು ಕೈಕಟ್ಟಿ ನೋಡುತ್ತ ನಿಂತರು. ಮೇಜು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

“ಸರಿ ಇದೆ,” ಅಂದ, ಬಹಳ ಕಷ್ಟಪಟ್ಟು.

“ಥ್ಯಾಂಕ್ಸ್,” ಅಂದರು ಡಾಕ್ಟರು. “ಈಗ ಹೇಳಿ, ಮನೇಲಿ ಯಾರು ಕದ್ದು ತಿನ್ನಿಸ್ತಿರೋದು?”

ಹಾಗಾದರೆ ತನ್ನ ಯಂತ್ರವೇ ಕೆಟ್ಟಿದೆ ಎಂದುಕೊಂಡು ಅವನು ಮನೆಗೆ ಬಂದ. ಬಸ್ಸಿನಲ್ಲಿ ಬರುವಾಗಲೆಲ್ಲ ಅವಮಾನದಿಂದ ಕಿವಿ ಬಿಸಿಯಾಗಿತ್ತು. ಮೂರು ತಿಂಗಳು ಕೆಟ್ಟ ಯಂತ್ರವನ್ನು ನಂಬಿ ಮಾರ್ಕೆಟ್ಟೆಲ್ಲ ಡಂಗುರ ಹೊಡೆದೆನಲ್ಲ! ಹಜಾರದಲ್ಲಿ ಮಂಡಿಯೂರಿ ಕೂತು ಕಬ್ಬಿಣದ ಹಲಗೆಯ ಮೇಲೆ ಕಲ್ಲುಗಳನ್ನಿಟ್ಟ. ಇಟ್ಟಷ್ಟೇ ಏರಿತು, ತೆಗೆದಷ್ಟೇ ಇಳಿಯಿತು. ಮೂಲೆಗಳೂ ಸರಿ. ತಂತಿ ಸರಿ, ಸೀಸದ ಮುದ್ರೆ ಒತ್ತಿದ ಹಾಗೆಯೇ ಇತ್ತು. ಆ ಮೇಜೂ ಸರಿ, ಈ ಹಲಗೆಯೂ ಸರಿ, ಬೆಕ್ಕು ಒಂದೇ. ತನ್ನ ಕಸುಬಿನಲ್ಲಿ ಇಂಥ ದೂರು ಬಂದಾಗ ಏನು ಮಾಡುತ್ತೇನೆಂದು ಅವನು ತನ್ನನ್ನೇ ಕೇಳಿಕೊಂಡ. ಯಂತ್ರ ಸರಿಯಿದ್ದೂ ಲೆಕ್ಕ ತಪ್ಪಿದರೆ ಹಾಲಿನವನಿಗೆ ಅವನು ಮೊದಲು ಹೇಳುವುದು ಒಂದೇ ಮಾತು: ಪಾತ್ರೆ ತಾ.

ಅಷ್ಟರಲ್ಲಿ ಬಾಗಿಲು ತೆಗೆದು ಮಗಳು ಒಳಗೆ ಬಂದಳು. ಮೆಟ್ಟಿಲು ಹತ್ತಿ ಬಂದದ್ದಕ್ಕೆ ಗೋಡೆ ಹಿಡಿದು ನಿಂತು ಏದುಸಿರು ಬಿಟ್ಟಳು. ಹಲಗೆಯ ಮುಂದೆ ಕೂತ ಅಪ್ಪನನ್ನೂ ಪೆಟ್ಟಿಗೆಯಿಂದ ಹೊರಬರುತ್ತಿದ್ದ ಬೆಕ್ಕನ್ನೂ ನೋಡಿ, ಬ್ಯಾಗನ್ನು ಕೆಳಗಿಡದೆ, “ಎತ್ಕೊಳ್ಳಾ?” ಅಂದಳು.

“ಬೇಡ. ಬ್ಯಾಗು ಇಟ್ಟು ನೀನೊಬ್ಬಳೇ ಹತ್ತು.”

“ದಿಂಬುನ ಎತ್ಕೊಂಡೇ ಹತ್ತೀನಪ್ಪ.”

“ಒಬ್ಬಳೇ ಹತ್ತು, ಕೂಸೇ.”

ಅವಳು ಹತ್ತಿದಳು. ಪಾತ್ರೆ ತಾನಿದ್ದ ಹಾಗೇ ಇದ್ದಿದ್ದರೆ ಸೊನ್ನೆ ಬರಬೇಕು. ಗಾಜಿನಲ್ಲಿ ಎರಡೂಮುಕ್ಕಾಲು ಬಂತು, ಅದರ ಹಿಂದೆ ಒಂದು ಸಣ್ಣ ಅಡ್ಡಗೆರೆ. ಸೊನ್ನೆಗಿಂತ ಕೆಳಗೆ ಎರಡೂಮುಕ್ಕಾಲು ಕಿಲೋ.

ಆ ಅಡ್ಡಗೆರೆಯನ್ನು ಅವನು ಜೀವಮಾನದಲ್ಲಿ ಎಷ್ಟು ಸಲ ನೋಡಿರಲಿಲ್ಲ! ಅದರ ಅರ್ಥ ಯಾರೂ ಹೇಳಿಕೊಡಬೇಕಿರಲಿಲ್ಲ. ಬೆಕ್ಕು ಇಳಿದಿರಲಿಲ್ಲ. ಇಳಿದದ್ದು ಎತ್ತಿಕೊಂಡವಳು, ಅದೂ ಮಕ್ಕಳು ಏರಲೇಬೇಕಾದ ವಯಸ್ಸಿನಲ್ಲಿ. ಮೊದಲ ಬಾರಿಗೆ ಅವನು ಗಾಜು ಬಿಟ್ಟು ಗಾಜಿನ ಮುಂದೆ ನಿಂತವಳನ್ನು ನೋಡಿದ. ಕೆನ್ನೆ ಒಳಗೆ ಹೋಗಿತ್ತು. ಕುತ್ತಿಗೆಯ ಕೆಳಗೆ ಎರಡು ಮೂಳೆ ಕಾಣುತ್ತಿದ್ದವು. ಸಮವಸ್ತ್ರದ ಸೊಂಟದಲ್ಲಿ ತಾಯಿ ಹಿಡಿದ ಎರಡು ಹೊಲಿಗೆ, ಅದರ ಮೇಲೆ ಮಗಳೇ ಚುಚ್ಚಿಕೊಂಡ ಒಂದು ಪಿನ್ನು.

“ನಂಗೆ ಹೊಟ್ಟೆನೋವು ಬಂದಾಗ ಇಳೀತಲ್ಲಪ್ಪ,” ಅಂದಳು ಹುಡುಗಿ, ಅವನು ಏನನ್ನೂ ಕೇಳುವ ಮೊದಲೇ. “ಆಗ ಗೊತ್ತಾಯ್ತು. ನಾನು ಕಮ್ಮಿ ಆದ್ರೂ ದಿಂಬುದು ಕಮ್ಮಿ ಆಗುತ್ತೆ.” ಆಮೇಲೆ ಹಲಗೆಯ ಮೇಲಿನಿಂದ ಇಳಿಯದೆಯೇ, “ಈಗ ಗೋದಾಮಿಗೆ ಕಳಿಸ್ತೀಯಾ?” ಅಂದಳು.

ಯಾವ ಗೋದಾಮು ಎಂದು ಅವನಿಗೆ ಒಂದು ಗಳಿಗೆ ಹೊಳೆಯಲೇ ಇಲ್ಲ. ಹೊಳೆದಾಗ ಅವನಿಗೆ ಅಳು ಬಂತು. ಮಗಳ ಮುಂದೆ ಅತ್ತು ಅಭ್ಯಾಸವಿಲ್ಲದ ಗಂಡಸು, ಎದ್ದು ಇಕ್ಕಳ ತಂದು ಸೀಸದ ಮುದ್ರೆ ಕತ್ತರಿಸಿದ, ತಂತಿ ಕಿತ್ತ, ತಗಡು ತೆಗೆದು ಗುಂಡಿ ಒತ್ತಿದ. ಯಂತ್ರ ಮೂರು ತಿಂಗಳ ಹಿಂದಿನ ಹುಡುಗಿಯನ್ನು ಮರೆಯಿತು.

“ಇಲ್ಲ,” ಅಂದ. “ಎಲ್ಲಿಗೂ ಕಳಿಸಲ್ಲ.”

“ನಂಬರ್ ಇಳೀದಿದ್ರೂ?”

“ಇಳೀದಿದ್ರೂ.”

ಅವಳು ನಂಬಿದ ಹಾಗೆ ಕಾಣಲಿಲ್ಲ. ಯಾಕೆ ನಂಬಬೇಕು?

ಸಂಜೆ ಮನೆಯಲ್ಲಿ ದೊಡ್ಡ ರಾದ್ಧಾಂತವಾಯಿತು. ಹೆಂಡತಿ ಮೊದಲು ಗಂಡನ ಮೇಲೆ ಹರಿಹಾಯ್ದಳು, ಆಮೇಲೆ ತನ್ನ ಮೇಲೆಯೇ ಹರಿಹಾಯ್ದುಕೊಂಡಳು. “ದಿನಾ ಊರವರ ಶರ್ಟಿನ ಅಳತೆ ನೋಡ್ತೀನಿ, ನನ್ ಮಗು ಸೊಂಟ ನಾನೇ ಹಿಡಿದೆ, ಎರಡು ಸಲ ಹಿಡಿದೆ ಕಣ್ರೀ,” ಎಂದು ಲಂಗವನ್ನು ಮಡಿಲಲ್ಲಿಟ್ಟುಕೊಂಡು ಹೊಲಿಗೆ ಬಿಚ್ಚತೊಡಗಿದಳು. ಅಜ್ಜಿ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಡೆದದ್ದನ್ನೆಲ್ಲ ತಾನಾಗಿಯೇ ಒಪ್ಪಿಕೊಂಡಳು. “ಅನ್ನ ಚೆಲ್ಲಬಾರ್ದು ಅಂತ ಕೊಟ್ನೇ ಹೊರತು, ಮಗು ಯಾಕೆ ಬಿಡ್ತಿದೆ ಅಂತ ಕೇಳ್ಲಿಲ್ಲವಲ್ಲೋ,” ಅಂದಳು.

ಮಾರನೆಯ ದಿನ ಮಕ್ಕಳ ಡಾಕ್ಟರು ಹುಡುಗಿಯ ಕಣ್ಣು, ಉಗುರು, ನಾಲಿಗೆ ನೋಡಿ, ರಕ್ತ ತೆಗೆಸಿ, ಸದ್ಯ ತಡವಾಗಿಲ್ಲ ಅಂದರು. ಬೆಳೆಯುವ ಮಕ್ಕಳು ಸ್ವಲ್ಪ ದಪ್ಪವಿದ್ದರೂ ಉದ್ದ ಬೆಳೆಯುತ್ತ ಬೆಳೆಯುತ್ತ ಹದಕ್ಕೆ ಬರುತ್ತಾರೆ, ಅವರನ್ನು ಇಳಿಸಲು ಹೋಗಬೇಡಿ, ಅವರೆದುರು ದಪ್ಪ ಸಣ್ಣ ಎಂಬ ಮಾತನ್ನೂ ಆಡಬೇಡಿ ಎಂದು ಹೇಳಿದರು. ಮೂವರು ದೊಡ್ಡವರೂ ಶಾಲೆಯ ಮಕ್ಕಳ ಹಾಗೆ ತಲೆಯಾಡಿಸಿದರು.

ಬಿಟ್ಟ ಊಟ ಅಷ್ಟು ಸಲೀಸಾಗಿ ಹಿಂದಕ್ಕೆ ಬರಲಿಲ್ಲ. ತುತ್ತು ಎತ್ತುವ ಮೊದಲು ಹುಡುಗಿ ಈಗಲೂ ತಟ್ಟೆಯನ್ನು ಒಂದು ಸುತ್ತು ಕಲಸುತ್ತಿದ್ದಳು, ಅರ್ಧಕ್ಕೇ ಕೈ ನಿಲ್ಲಿಸಿ ದಿಂಬಿನತ್ತ ನೋಡುತ್ತಿದ್ದಳು. ಯಾರೂ ಬಲವಂತ ಮಾಡಲಿಲ್ಲ. ಅವಳು ಏಳುವವರೆಗೆ ಎಲ್ಲರೂ ಕೂತಿರುತ್ತಿದ್ದರು. ಉಳಿದದ್ದನ್ನು ಅಜ್ಜಿ ಕಣ್ಣು ಮುಚ್ಚಿಕೊಂಡು ಕಸದ ಡಬ್ಬಿಗೆ ಹಾಕಿದಳು. ಅಡುಗೆಮನೆಯ ಬಾಗಿಲಲ್ಲಿ ಕಾದು ಕೂತ ಬೆಕ್ಕು ಮನೆಯವರಿಗೆಲ್ಲ ಬೆನ್ನು ತಿರುಗಿಸಿ ಮಲಗಿತು.

ಭಾನುವಾರ ಬೆಳಿಗ್ಗೆ ತಕ್ಕಡಿಯವನು ತೋಳಿಗೆ ದಪ್ಪನೆಯ ಟವೆಲ್ಲು ಸುತ್ತಿಕೊಂಡು, ಮೊದಲು ಬರಿಗೈಯಲ್ಲಿ ಹಲಗೆಯ ಮೇಲೆ ನಿಂತ.

“ಓದು,” ಅಂದ.

ಹುಡುಗಿ ಅವನ ತೂಕವನ್ನು ಗಟ್ಟಿಯಾಗಿ ಓದಿ, “ನೀನೂ ದಪ್ಪ ಆಗಿದೀಯ,” ಅಂದಳು. ಆಮೇಲೆ ದಿಂಬನ್ನು ಎತ್ತಿ ಅವನ ತೋಳಿಗಿಟ್ಟಳು. ಬೆಕ್ಕು ಟವೆಲ್ಲು ಬಿಟ್ಟು ಅವನ ಕುತ್ತಿಗೆಗೆ ಉಗುರು ಹಾಕಿತು. ಅವನು ಹಲ್ಲು ಕಚ್ಚಿ ನಿಂತ. ಅವಳು ಗಾಜು ನೋಡಿ ಮನಸ್ಸಿನಲ್ಲೇ ಕಳೆಯುವ ಲೆಕ್ಕ ಮಾಡಿದಳು.

“ಎಷ್ಟು?”

“ಇಳಿದಿಲ್ಲಪ್ಪ.”

“ಸರಿ.”

“ಸ್ವಲ್ಪ ಏರಿದೆ.” ಅವಳು ಅವನ ಮುಖವನ್ನೇ ನೋಡುತ್ತ ನಿಂತಳು, ಕೈಗಳನ್ನು ಹಿಂದೆ ಕಟ್ಟಿಕೊಂಡು.

“ಏರ್ಲಿ ಬಿಡು,” ಅಂದ ಅವನು. ಬೆಕ್ಕನ್ನು ಕಿಟಕಿಯ ಕಟ್ಟೆಯ ಮೇಲೆ ಕೂರಿಸಿ, ಕುತ್ತಿಗೆಯ ರಕ್ತವನ್ನು ಟವೆಲ್ಲಿನಿಂದ ಒರೆಸಿಕೊಂಡು, ಅಡುಗೆಮನೆಯಿಂದ ಎರಡು ತಟ್ಟೆ ತಂದು ಮೇಜಿನ ಮೇಲಿಟ್ಟ. “ಬಾ, ತಿಂಡಿ ತಿನ್ನೋಣ.”

ಅವಳು ಇನ್ನೂ ಸ್ವಲ್ಪ ಹೊತ್ತು ಕಾದಳು. ಗೋದಾಮಿನ ಮಾತು ಬರಲಿಲ್ಲ. ಆಮೇಲೆ ಬಂದು ಕೂತು ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡಳು.